ಸಂಸತ್ತಿನಲ್ಲಿ ಆಡಿದ ಮಾತು ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ: ನಮ್ಮ ಸಂಸದರು ಕಾಡು, ಕೆರೆ, ಕೂಲಿಕಾರರ ಬಗ್ಗೆ ಲೋಕಸಭೆಯಲ್ಲಿ ಚೆನ್ನಾಗಿ ಮಾತನಾಡುತ್ತಾರೆ. ಮೊಬೈಲಿನಲ್ಲಿ ಆ ವಿಡಿಯೊ ನೋಡಿದಾಗ ಹೆಮ್ಮೆಯೂ ಆಗುತ್ತದೆ. ಆದರೆ ಕೊನೆಗೆ ಮಸೂದೆ ಸರ್ಕಾರ ತಂದ ರೂಪದಲ್ಲಿಯೇ ಅಂಗೀಕಾರವಾಗುತ್ತದೆ. ಹಾಗಿದ್ದ ಮೇಲೆ ಒಬ್ಬ ಸದಸ್ಯರ ಮಾತಿನಿಂದ ಆಗುವುದಾದರೂ ಏನು?

ಈ ಪ್ರಶ್ನೆಯಲ್ಲಿರುವ ನೋವು ನನಗೆ ಅರ್ಥವಾಗುತ್ತದೆ. ಆ ದಿನದ ಮಟ್ಟಿಗೆ, ಆ ಮಸೂದೆಯ ಮಟ್ಟಿಗೆ ಬಹುತೇಕ ಸಲ ಏನೂ ಆಗುವುದಿಲ್ಲ. ಭಾಷಣ ಕೇಳಿ ಮನಸ್ಸು ಬದಲಾಯಿಸಿ ಎದುರು ಸಾಲಿನವರು ಮತ ಹಾಕುವ ಪರಿಸ್ಥಿತಿ ನಮ್ಮಲ್ಲಿ ಉಳಿದಿಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಮತಕ್ಕೆ ಕಟ್ಟುಪಾಡಿದೆ. ನಾಲಿಗೆಗೆ ಮಾತ್ರ ಸಂವಿಧಾನದ 105ನೇ ವಿಧಿಯ ರಕ್ಷಣೆ ಇದೆ. ಸದನದೊಳಗೆ ಆಡಿದ ಮಾತಿಗಾಗಿ ಯಾವ ನ್ಯಾಯಾಲಯವೂ ಸದಸ್ಯರನ್ನು ಕಟಕಟೆಗೆ ಕರೆಯುವಂತಿಲ್ಲ. ಆದ್ದರಿಂದ ಮಾತಿನ ಫಲವನ್ನು ಮತ ಎಣಿಕೆಯಲ್ಲಿ ಹುಡುಕಿದರೆ ನಿರಾಶೆಯೇ ಗತಿ. ಅದು ಬೇರೆ ದಾರಿಯಲ್ಲಿ, ಬಹಳ ನಿಧಾನವಾಗಿ ಕೆಲಸ ಮಾಡುತ್ತದೆ. ಎಷ್ಟು ನಿಧಾನ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆಯೊಂದಿದೆ.

ಚೆನ್ನೈನ ಕಲಾಕ್ಷೇತ್ರ ನೃತ್ಯಶಾಲೆಯನ್ನು ಕಟ್ಟಿದ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರು 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಕಲೆಗೆ ಸಂದ ಗೌರವವೆಂದು ಆ ಸ್ಥಾನವನ್ನು ಅಲಂಕರಿಸಿ ಸುಮ್ಮನಿರಬಹುದಿತ್ತು. ಅವರು ಕೈಗೆತ್ತಿಕೊಂಡದ್ದು ಮಾತು ಬಾರದ ಪ್ರಾಣಿಗಳ ಸಂಕಟವನ್ನು. ಆಗ ದೇಶದಲ್ಲಿದ್ದದ್ದು ಬ್ರಿಟಿಷರ ಕಾಲದ 1890ರ ಕಾಯ್ದೆ. ಅದರ ಜಾಗದಲ್ಲಿ ಹೊಸದೊಂದು ಬರಬೇಕೆಂದು 1953ರಲ್ಲಿ ಅವರು ಖಾಸಗಿ ಸದಸ್ಯರ ಮಸೂದೆ ಮಂಡಿಸಿದರು. ಮಂತ್ರಿಯಲ್ಲದ ಯಾವ ಸದಸ್ಯರಾದರೂ ತರಬಹುದಾದ ಮಸೂದೆಗೆ ಹಾಗೆನ್ನುತ್ತಾರೆ. 1954ರಲ್ಲಿ ಚರ್ಚೆ ನಡೆದಾಗ ಪ್ರಧಾನಿ ನೆಹರೂ ಅವರೇ ಎದ್ದು ನಿಂತು ಮಸೂದೆಯ ಆಶಯವನ್ನು ಒಪ್ಪಿದರು. ಆದರೆ ಸಮಿತಿಯೊಂದನ್ನು ನೇಮಿಸಿ ಸರ್ಕಾರವೇ ಮಸೂದೆ ತರುತ್ತದೆ, ನೀವು ನಿಮ್ಮದನ್ನು ಹಿಂತೆಗೆದುಕೊಳ್ಳಿ ಎಂದು ಕೇಳಿಕೊಂಡರು. ರುಕ್ಮಿಣಿ ದೇವಿ ಹಿಂತೆಗೆದುಕೊಂಡರು.

ಅಂದು ಗ್ಯಾಲರಿಯಲ್ಲಿ ಕುಳಿತು ನೋಡಿದವರಿಗೆ ಅದು ಸೋಲಿನಂತೆಯೇ ಕಂಡಿರಬೇಕು. ಆದರೆ ಸಮಿತಿ ರಚನೆಯಾಯಿತು, ವರದಿ ಬಂತು, 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಜಾರಿಗೆ ಬಂತು. ಆ ಕಾಯ್ದೆಯಡಿ 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆ ಅವರೇ. ಮಸೂದೆ ಮಂಡಿಸಿದ ದಿನದಿಂದ ಕಾಯ್ದೆಯಾಗುವವರೆಗೆ ಏಳು ವರ್ಷ. ಆ ಕಾಯ್ದೆಗೂ ಮಿತಿಗಳಿವೆ. ಪ್ರಾಣಿಯನ್ನು ಹಿಂಸಿಸಿದವನಿಗೆ ಮೊದಲ ಅಪರಾಧಕ್ಕೆ ಗರಿಷ್ಠ 50 ರೂಪಾಯಿ ದಂಡ ಎಂದು ಅದು ಹೇಳಿತ್ತು, ದಶಕಗಳು ಉರುಳಿದರೂ ಆ ಮೊತ್ತ ಹಾಗೆಯೇ ಉಳಿದದ್ದು ನಮ್ಮೆಲ್ಲರಿಗೂ ನಾಚಿಕೆಯ ಸಂಗತಿ. ಅದನ್ನು ಬದಲಾಯಿಸಬೇಕಾದದ್ದು ಅವರ ನಂತರ ಬಂದವರ ಕೆಲಸವಾಗಿತ್ತು.

ಖಾಸಗಿ ಸದಸ್ಯರ ಮಸೂದೆಗಳ ಲೆಕ್ಕವನ್ನಷ್ಟೇ ನೋಡಿದರೆ ಎದೆ ಕುಸಿಯುತ್ತದೆ. ಸ್ವಾತಂತ್ರ್ಯಾನಂತರ ಕಾಯ್ದೆಯಾದದ್ದು 14 ಮಾತ್ರ. ಕೊನೆಯದು 1970ರಲ್ಲಿ. ಆ ಹದಿನಾಲ್ಕರಲ್ಲಿ ಮಹಿಳೆಯರ ಮತ್ತು ಮಕ್ಕಳ ಆಶ್ರಯಧಾಮಗಳಿಗೆ ಪರವಾನಗಿ ಕಡ್ಡಾಯ ಮಾಡಿದ 1956ರ ಕಾಯ್ದೆಯೂ ಇದೆ. ಅದನ್ನು ತಂದವರು ಕಮಲೇಂದುಮತಿ ಶಾ. ಸದನದ ಕಲಾಪವನ್ನು ಪತ್ರಿಕೆಗಳು ಭಯವಿಲ್ಲದೆ ವರದಿ ಮಾಡಲು ರಕ್ಷಣೆ ಕೊಟ್ಟ ಮಸೂದೆ ಫಿರೋಜ್ ಗಾಂಧಿ ಅವರದು.

ಅದೇ ಹಾದಿಯಲ್ಲಿ ದಶಕಗಳ ನಂತರ ನಡೆದವರು ತಮಿಳುನಾಡಿನ ರಾಜ್ಯಸಭಾ ಸದಸ್ಯ ತಿರುಚ್ಚಿ ಶಿವ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ಎತ್ತಿಹಿಡಿದ ಬಳಿಕ, ಆ ಹಕ್ಕುಗಳಿಗೆ ಕಾಯ್ದೆಯ ರೂಪ ಕೊಡಲು ಅವರು ಮಂಡಿಸಿದ ಮಸೂದೆಯನ್ನು ರಾಜ್ಯಸಭೆ 2015ರ ಏಪ್ರಿಲ್ 24ರಂದು ಒಮ್ಮತದಿಂದ ಅಂಗೀಕರಿಸಿತು. ಲೋಕಸಭೆಯನ್ನು ಅದು ದಾಟಲಿಲ್ಲ. ಸರ್ಕಾರ ತನ್ನದೇ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು. ಗುರುತಿನ ಪತ್ರಕ್ಕಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಿಡಿದು ನಿಲ್ಲಬೇಕೆಂಬ ನಿಯಮವನ್ನು ಆ ಸಮುದಾಯ ತೀವ್ರವಾಗಿ ವಿರೋಧಿಸಿತು. ಶಿವ ಅವರ ಮಸೂದೆ ಕಾಯ್ದೆಯಾಗದಿದ್ದರೂ ಅಳೆದು ನೋಡಲು ಕೈಯಲ್ಲಿ ಒಂದು ಅಳತೆಗೋಲು ಉಳಿಯಿತು. ಸರ್ಕಾರದ ಕಾಯ್ದೆ ಎಲ್ಲಿ ಕುಗ್ಗಿದೆ ಎಂದು ತೋರಿಸಲು ರಾಜ್ಯಸಭೆಯೇ ಒಪ್ಪಿದ ಪಠ್ಯವೊಂದು ಇತ್ತು.

ಇನ್ನು ಭಾಷಣಕ್ಕಿಂತ ಹರಿತವಾದ ಆಯುಧಕ್ಕೆ ಬರೋಣ. ಅದು ಪ್ರಶ್ನೆ.

ಲೋಕಸಭೆ ಸಾಮಾನ್ಯವಾಗಿ ಪ್ರಶ್ನೋತ್ತರ ವೇಳೆಯಿಂದ ಆರಂಭವಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20. ಇವಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದವು 230ರವರೆಗೆ. ಇವಕ್ಕೆ ಲಿಖಿತ ಉತ್ತರ. ವಿಡಿಯೊಗಳಲ್ಲಿ ಕಾಣುವುದು ಮೊದಲನೆಯ ಬಗೆ. ಆದರೆ ಹಲವು ಸಂಜೆಗಳನ್ನು ಆ ಕಾಗದಗಳ ನಡುವೆ ಕಳೆದ ನನಗೆ ಹೆಚ್ಚು ಸಿಕ್ಕಿರುವುದು ಎರಡನೆಯದರಲ್ಲಿ. ಯಾವ ಯೋಜನೆಗೆ ಎಷ್ಟು ಹೆಕ್ಟೇರ್ ಅರಣ್ಯ ಹೋಯಿತು, ಯಾವ ನಿಧಿಯಲ್ಲಿ ಎಷ್ಟು ಹಣ ಖರ್ಚಾಗದೆ ಕೊಳೆಯುತ್ತಿದೆ ಎಂಬಂಥ ವಿವರಗಳು ಜಿಲ್ಲಾ ಕಚೇರಿಯ ಬಾಗಿಲಲ್ಲಿ ವರ್ಷಗಟ್ಟಲೆ ಕಾದರೂ ಸಿಗದೆ, ಇಂಥ ಒಂದು ಪುಟದ ಉತ್ತರಕ್ಕೆ ಅನುಬಂಧವಾಗಿ ಹೊರಬೀಳುತ್ತವೆ.

ಉತ್ತರವಿಲ್ಲದ ಉತ್ತರಕ್ಕೂ ಬೆಲೆಯಿದೆ. 2020ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಕೋವಿಡ್ ಕಾರಣದಿಂದ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು, ಲಿಖಿತ ಉತ್ತರಗಳು ಮಾತ್ರ ಉಳಿದಿದ್ದವು. ಲಾಕ್‌ಡೌನ್ ವೇಳೆ ಊರಿಗೆ ನಡೆದು ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು ಎಂದು ಸದಸ್ಯರು ಕೇಳಿದರು. ಒಂದು ಕೋಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಊರಿಗೆ ಮರಳಿದ್ದಾರೆಂದು ಹೇಳಿದ ಕಾರ್ಮಿಕ ಸಚಿವಾಲಯ, ಸಾವಿನ ಬಗ್ಗೆ ಅಂಥ ಮಾಹಿತಿಯನ್ನು ಇಟ್ಟಿಲ್ಲ ಎಂದಿತು. ಆ ಒಂದು ಸಾಲು ದೇಶವನ್ನೇ ಕಲಕಿತು. ರಸ್ತೆಯ ಮೇಲೆ, ರೈಲು ಹಳಿಗಳ ಮೇಲೆ ಪ್ರಾಣ ಬಿಟ್ಟವರ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ ಎಂಬುದು ಸರ್ಕಾರದ ಲೆಟರ್‌ಹೆಡ್ಡಿನ ಮೇಲೆಯೇ ದಾಖಲಾಯಿತು. ಎಷ್ಟು ಆವೇಶದ ಭಾಷಣವೂ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವ್ಯವಸ್ಥೆ ಇದೆ, ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಂತ್ರಿಯೊಬ್ಬರು "ಪರಿಶೀಲಿಸುತ್ತೇನೆ", "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡುತ್ತೇವೆ" ಎಂದರೆ ನಮಗೆ ಅದು ಜಾರಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಸದನದ ಲೆಕ್ಕದಲ್ಲಿ ಅದು ಭರವಸೆ. ಯಾವ ಯಾವ ಪದಪುಂಜಗಳು ಭರವಸೆಯಾಗುತ್ತವೆ ಎಂಬುದಕ್ಕೆ ಪಟ್ಟಿಯೇ ಇದೆ. ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿಗಳಿವೆ. ಲೋಕಸಭೆಯದು 1953ರಿಂದ ಕೆಲಸ ಮಾಡುತ್ತಿದೆ. ಮೂರು ತಿಂಗಳೊಳಗೆ ಭರವಸೆ ಈಡೇರಬೇಕು, ಆಗದಿದ್ದರೆ ಸಚಿವಾಲಯ ಸಮಿತಿಯಿಂದ ಹೆಚ್ಚುವರಿ ಸಮಯ ಕೇಳಬೇಕು. ವರ್ಷಗಟ್ಟಲೆ ಬಾಕಿ ಉಳಿಯುವ ಭರವಸೆಗಳೂ ಇವೆ ನಿಜ. ಆದರೆ ಅವು ಕಡತದಲ್ಲಿ ಜೀವಂತವಾಗಿರುತ್ತವೆ, ಅಧಿಕಾರಿಗಳನ್ನು ಕರೆಸಿ ಕಾರಣ ಕೇಳುವ ಅಧಿಕಾರ ಸಮಿತಿಗೆ ಇರುತ್ತದೆ. ಆದ್ದರಿಂದಲೇ ಅನುಭವಿ ಸದಸ್ಯರು ಮಂತ್ರಿಯ ಬಾಯಿಂದ ಅಂಥದೊಂದು ವಾಕ್ಯ ಹೊರಡುವವರೆಗೆ ಉಪಪ್ರಶ್ನೆ ಬಿಡುವುದಿಲ್ಲ. ನೋಡುವವರಿಗೆ ಹಟ ಎನಿಸಬಹುದು. ನನಗೆ ಅದು ಶುದ್ಧ ಕಸುಬುದಾರಿಕೆ.

ಪರಿಸರದ ವಿಷಯದಲ್ಲಿ ಸಮಿತಿಗಳ ಕೋಣೆ ಸದನಕ್ಕಿಂತ ಮುಖ್ಯ. ಅಲ್ಲಿ ಕ್ಯಾಮೆರಾ ಇರುವುದಿಲ್ಲ. ತಜ್ಞರನ್ನು, ಅಧಿಕಾರಿಗಳನ್ನು ಕರೆಸಿ ಸಾವಧಾನವಾಗಿ ಕೇಳಬಹುದು. ಒಪ್ಪದ ಸದಸ್ಯರು ಬರೆದುಕೊಡುವ ಭಿನ್ನಮತದ ಟಿಪ್ಪಣಿ ವರದಿಯ ಜೊತೆಗೇ ಅಚ್ಚಾಗುತ್ತದೆ. 2023ರ ಅರಣ್ಯ ಸಂರಕ್ಷಣೆ ತಿದ್ದುಪಡಿ ಮಸೂದೆಯನ್ನು ಪರಿಸರದ ವಿಷಯಗಳನ್ನು ಸದಾ ಪರಿಶೀಲಿಸುವ ಸ್ಥಾಯಿ ಸಮಿತಿಗೆ ಕೊಡದೆ, ಆ ಮಸೂದೆಗಾಗಿಯೇ ಎರಡೂ ಸದನಗಳ ಸದಸ್ಯರನ್ನು ಸೇರಿಸಿ ರಚಿಸಿದ ಜಂಟಿ ಸಮಿತಿಗೆ ಕಳುಹಿಸಲಾಯಿತು. ಆ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದ ಜೈರಾಮ್ ರಮೇಶ್ ಅದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಜಂಟಿ ಸಮಿತಿ ಮಸೂದೆಯನ್ನು ಇದ್ದಂತೆಯೇ ಒಪ್ಪಿತು. ಹಲವು ಸದಸ್ಯರು ಭಿನ್ನಮತ ಬರೆದರು. ಜುಲೈ, ಆಗಸ್ಟ್‌ನಲ್ಲಿ ಎರಡೂ ಸದನಗಳು ಅಂಗೀಕರಿಸಿದವು. ನೀವು ಹೇಳುವ ಹತಾಶೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಇಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ತಿದ್ದುಪಡಿಯು ಕಾಯ್ದೆಯ ರಕ್ಷಣೆಯನ್ನು ಮುಖ್ಯವಾಗಿ ದಾಖಲೆಯಲ್ಲಿರುವ ಅರಣ್ಯಕ್ಕೆ ಸೀಮಿತಗೊಳಿಸಿದ್ದರಿಂದ, ದಾಖಲೆಯಲ್ಲಿ ಅರಣ್ಯವೆಂದು ನಮೂದಾಗದ ಕಾಡಿನ ಗತಿ ಏನು ಎಂಬ ಆತಂಕ ಸುಪ್ರೀಂ ಕೋರ್ಟಿನ ಮುಂದೆ ಬಂತು. ಒಡೆತನ ಯಾರದೇ ಇರಲಿ, ಕಾಡಿನಂತಿರುವುದೆಲ್ಲ ಕಾಡೇ ಎಂದು ಸುಪ್ರೀಂ ಕೋರ್ಟಿನ 1996ರ ಗೋದಾವರ್ಮನ್ ತೀರ್ಪು ಹೇಳಿದ ನಿಘಂಟಿನ ಅರ್ಥದಲ್ಲಿಯೇ ಅರಣ್ಯವನ್ನು ಸದ್ಯಕ್ಕೆ ಗುರುತಿಸಬೇಕೆಂದು ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಸಂಸದೀಯ ಸಮಿತಿಗಳ ವರದಿಗಳನ್ನು ನ್ಯಾಯಾಲಯ ನೋಡಬಹುದು ಎಂದು 2018ರಲ್ಲಿಯೇ ಸಂವಿಧಾನ ಪೀಠ ಹೇಳಿದೆ. ಸದನದಲ್ಲಿ ಸೋತ ವಾದ ದಾಖಲೆಯಲ್ಲಿದ್ದರೆ ಮುಂದೊಂದು ದಿನ ಅದನ್ನು ಯಾರಾದರೂ ಕೈಗೆತ್ತಿಕೊಳ್ಳಬಹುದು. ಆಡದೇ ಹೋದ ಮಾತಿಗೆ ಆ ಅವಕಾಶವೂ ಇಲ್ಲ.

ಮಾತು ಯಾವ ಭಾಷೆಯಲ್ಲಿರಬೇಕು ಎಂದೂ ಕೆಲವರು ಕೇಳುತ್ತಾರೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿ ದಾರಿ ತೆರೆದರು. ಈಗ ಭಾಷಾಂತರದ ಅನುಕೂಲವಿದೆ. ಮಲೆನಾಡಿನ ಕಾನು (ದಟ್ಟ ನಿತ್ಯಹಸಿರು ಕಾಡು), ಸೊಪ್ಪಿನ ಬೆಟ್ಟ (ರೈತರು ಸೊಪ್ಪು ತರುವ ಕಾಡು), ಗೋಮಾಳಗಳ ಬಗ್ಗೆ ಹೇಳುವಾಗ ಕನ್ನಡವೇ ಬೇಕು. ಇಂಗ್ಲಿಷಿನ ಒಂದೇ ಪದಕ್ಕೆ ಇವೆಲ್ಲವನ್ನೂ ತುರುಕಿದರೆ ಅವುಗಳ ನಡುವಿನ ಕಾನೂನಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಹಾಗಾದರೆ ನಿಮ್ಮ ಸಂಸದರನ್ನು ಅಳೆಯುವುದು ಹೇಗೆ? ಹಾಜರಾತಿಯ ಶೇಕಡಾವಾರು, ಕೇಳಿದ ಪ್ರಶ್ನೆಗಳ ಒಟ್ಟು ಸಂಖ್ಯೆ ಇವುಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಒಂದೇ ವಿಷಯವನ್ನು ಮೂರು ಅಧಿವೇಶನ ಬಿಡದೆ ಹಿಂಬಾಲಿಸಿದ್ದಾರೆಯೇ, ಹಿಂದಿನ ಉತ್ತರವನ್ನು ಎದುರಿಗಿಟ್ಟು ಮುಂದಿನ ಪ್ರಶ್ನೆ ಕೇಳಿದ್ದಾರೆಯೇ ಎಂದು ನೋಡಿ. ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ ಸದಸ್ಯರ ಹೆಸರು ಹಾಕಿ ಹುಡುಕಿದರೆ ಪ್ರಶ್ನೆ, ಉತ್ತರ ಎರಡೂ ಸಿಗುತ್ತವೆ.

ನೀವೂ ಒಂದು ಕೆಲಸ ಮಾಡಬಹುದು. ಪ್ರಶ್ನೆಗೆ ಸಾಮಾನ್ಯವಾಗಿ 15 ದಿನ ಮೊದಲೇ ನೋಟಿಸ್ ಕೊಡಬೇಕು. ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ನಿಮ್ಮ ಪತ್ರ ಸಂಸದರ ಕಚೇರಿ ತಲುಪಿರಲಿ. "ನಮ್ಮ ಹೊಳೆ ಕೆಟ್ಟಿದೆ, ಕ್ರಮ ಕೈಗೊಳ್ಳಿ" ಎಂದು ಬರೆದರೆ "ಕ್ರಮ ಕೈಗೊಳ್ಳಲಾಗಿದೆ" ಎಂಬ ಉತ್ತರವೇ ಬರುತ್ತದೆ. ಹೊಳೆಯ ಹೆಸರು, ತಾಲ್ಲೂಕು, ವರ್ಷ ಬರೆಯಿರಿ. ಅದರ ದಂಡೆಯಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕಗಳು ಎಷ್ಟು ಮಂಜೂರಾಗಿವೆ, ಎಷ್ಟು ನಡೆಯುತ್ತಿವೆ, ನೀರಿನ ಮಾದರಿಯನ್ನು ಕೊನೆಯ ಬಾರಿ ತೆಗೆದದ್ದು ಯಾವಾಗ, ಅದರ ಫಲಿತಾಂಶವೇನು ಎಂದು ಕೇಳಿಸಿ. ಪತ್ರದ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ, ಉತ್ತರ ಬಂದ ದಿನ ಪಕ್ಕದಲ್ಲಿಟ್ಟು ಓದಲು.