ಪೆಟ್ಟಿಗೆಗೆ ಒಗ್ಗದ ತೋಟಾ: ಶಾಟ್‌ಗನ್ ಸ್ಪರ್ಧೆಯ ಮೊದಲ ಪಾಠಗಳು

ಹನ್ನೆರಡು ಬೋರಿನ ಕೋವಿಯ ತೋಟಾ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು ನಡುವೆ ಮಡಚಿಕೊಳ್ಳುವ ಜೋಡುನಳಿಗೆ ಬಂದೂಕಿಗಾಗಿ. ನಳಿಗೆಯನ್ನು ಬಾಗಿಸಿ, ಎರಡು ತೋಟಾಗಳನ್ನು ಬೆರಳಿನಿಂದ ಒಳಗೆ ತಳ್ಳಿ, ಮತ್ತೆ ಮುಚ್ಚಿದರೆ ಅದರ ಕೆಲಸ ಮುಗಿಯುತ್ತಿತ್ತು. ಒಂದರ ಮೇಲೊಂದು ಪೇರಿಸಿಕೊಂಡು, ಸ್ಪ್ರಿಂಗಿನ ಒತ್ತಡವನ್ನು ತಾಳಿಕೊಂಡು, ಕಣ್ಣೆವೆ ಇಕ್ಕುವುದರೊಳಗೆ ತಾನಾಗಿಯೇ ನಳಿಗೆಗೆ ಏರಬೇಕಾದ ಅಗತ್ಯ ಆ ತೋಟಾಕ್ಕೆ ಇರಲಿಲ್ಲ. ತೋಟಾಗಳನ್ನು ಪೇರಿಸಿಡುವ ಪೆಟ್ಟಿಗೆಯಾಕಾರದ ಮ್ಯಾಗಜಿನ್ ಇರುವ ಇಂದಿನ ಸ್ಪರ್ಧಾ ಶಾಟ್‌ಗನ್ ಅದೇ ತೋಟಾದಿಂದ ಈ ಎಲ್ಲವನ್ನೂ ಮಾಡಿಸುತ್ತದೆ. ಹೊಸದಾಗಿ ಈ ಕ್ರೀಡೆಗೆ ಬರುವವರು ಎದುರಿಸುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ. ಆದ್ದರಿಂದ ಯಾವ ಕೋವಿ ಒಳ್ಳೆಯದು ಎಂಬ ಪ್ರಶ್ನೆಗಿಂತ ಮೊದಲು ತೋಟಾ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಲಾಭಕರ ಎಂದು ನಾನು ನಂಬುತ್ತೇನೆ.

ಕ್ರೀಡೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಐಪಿಎಸ್‌ಸಿ ಎಂದು ಕರೆಯಲಾಗುವ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ನಿಖರತೆ, ಬಲ ಮತ್ತು ವೇಗ ಈ ಮೂರನ್ನೂ ಒಟ್ಟಿಗೆ ಅಳೆಯುವುದು ಅದರ ತತ್ವ. ಪಿಸ್ತೂಲಿನಿಂದ ಆರಂಭವಾದ ಈ ಸ್ಪರ್ಧೆ ಮುಂದೆ ರೈಫಲ್ ಮತ್ತು ಶಾಟ್‌ಗನ್‌ಗಳಿಗೂ ಹಬ್ಬಿತು. ಸ್ಪರ್ಧಿಯು ಒಂದೆಡೆ ನಿಲ್ಲದೆ, ಗೊತ್ತುಪಡಿಸಿದ ಅಂಗಳದಲ್ಲಿ ಓಡಾಡುತ್ತ, ಉಕ್ಕಿನ ಫಲಕಗಳನ್ನು ಬೀಳಿಸುತ್ತ, ಜೇಡಿಮಣ್ಣಿನ ಬಿಲ್ಲೆಗಳನ್ನು ಒಡೆಯುತ್ತ ಸಾಗಬೇಕು. ಕಳಚಿ ತೆಗೆಯಬಹುದಾದ ಪೆಟ್ಟಿಗೆ ಮ್ಯಾಗಜಿನ್, ಕೆಂಪು ಚುಕ್ಕೆಯ ದೃಷ್ಟಿಯಂತ್ರ, ಒದೆತ ತಗ್ಗಿಸುವ ಕಾಂಪೆನ್ಸೇಟರ್ ಇವೆಲ್ಲಕ್ಕೂ ಅವಕಾಶವಿರುವುದು ಓಪನ್ ವಿಭಾಗದಲ್ಲಿ. ರಷ್ಯಾದ ಇಜ್‌ಮಾಶ್ ಕಾರ್ಖಾನೆಯ ಸೈಗಾ-12, ಮೊಲೊತ್ ಕಾರ್ಖಾನೆಯ ವೆಪ್ರ್-12, ತುರ್ಕಿಯ ಅಕ್‌ದಾಲ್ ಎಂಕೆಎ 1919 ಮುಂತಾದವು ಈ ಬಗೆಯ ಕೋವಿಗಳು.

ಈಗ ತೋಟಾವನ್ನೇ ಹತ್ತಿರದಿಂದ ನೋಡೋಣ. ಕೈಯಲ್ಲಿ ಹಿಡಿದರೆ ಹೆಬ್ಬೆರಳಿನ ಗಾತ್ರದ ಒಂದು ಪ್ಲಾಸ್ಟಿಕ್ ಕೊಳವೆ. ಅದರ ಬುಡಕ್ಕೆ ಲೋಹದ ಟೋಪಿ. ಟೋಪಿಯ ಅಂಚು ಸುತ್ತಲೂ ತುಸು ಹೊರಚಾಚಿರುತ್ತದೆ. ಕೊಳವೆಯ ವ್ಯಾಸ 20 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಂಚಿನ ವ್ಯಾಸ 22 ಮಿಲಿಮೀಟರಿಗಿಂತ ಹೆಚ್ಚು. ಕತ್ತರಿಸಿ ನೋಡಿದರೆ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚುವ ಕೇಪು, ಅದರ ಮುಂದೆ ಒಂದೂವರೆ ಗ್ರಾಂ ಆಸುಪಾಸಿನ ಮದ್ದು, ಅದರ ಮೇಲೆ ಬಟ್ಟಲಿನಂಥ ಪ್ಲಾಸ್ಟಿಕ್ ವ್ಯಾಡ್, ಬಟ್ಟಲಿನೊಳಗೆ ಚರೆ ಎಂಬ ಸಣ್ಣ ಕಾಳುಗಳು, ತುದಿಯಲ್ಲಿ ನಕ್ಷತ್ರದ ಆಕಾರದಲ್ಲಿ ಮಡಚಿದ ಬಾಯಿ. 28 ಗ್ರಾಂ ತೂಕದ, 2.4 ಮಿಲಿಮೀಟರ್ ವ್ಯಾಸದ ಚರೆಯಾದರೆ ಒಂದು ತೋಟಾದಲ್ಲಿ ಸುಮಾರು 350 ಕಾಳುಗಳಿರುತ್ತವೆ. ಡಬ್ಬಿಯ ಮೇಲೆ 70 ಮಿಲಿಮೀಟರ್ ಎಂದು ಮುದ್ರಿಸಿರುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕೊಳವೆಯ ಉದ್ದ. ಹಾರಿಸದ ತೋಟಾ ಅದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಗಿಡ್ಡಗಿರುತ್ತದೆ.

ಹೊರಚಾಚಿದ ಆ ಅಂಚು ಜೋಡುನಳಿಗೆ ಬಂದೂಕಿಗೆ ಒಂದು ವರ. ತೋಟಾ ನಳಿಗೆಯೊಳಗೆ ಜಾರಿಹೋಗದಂತೆ ತಡೆಯುವುದೂ ಅದೇ, ಹಾರಿಸಿದ ಮೇಲೆ ಕೊಳವೆಯನ್ನು ಹೊರಗೆಳೆಯಲು ಹಿಡಿ ಕೊಡುವುದೂ ಅದೇ. ಪೆಟ್ಟಿಗೆಯೊಳಗೆ ಮಾತ್ರ ಅದು ತಂಟೆಕೋರ. ಮೇಲಿನ ತೋಟಾದ ಅಂಚು ಕೆಳಗಿನ ತೋಟಾದ ಅಂಚಿಗಿಂತ ಮುಂದೆ ಕುಳಿತಿದ್ದರೆ ಬೋಲ್ಟು, ಅಂದರೆ ಹಿಂದೆ ಮುಂದೆ ಸರಿದು ನಳಿಗೆಯ ಹಿಂಬದಿಯನ್ನು ಮುಚ್ಚುವ ಲೋಹದ ತುಂಡು, ಅದನ್ನು ಸಲೀಸಾಗಿ ಮುಂದಕ್ಕೆ ತಳ್ಳುತ್ತದೆ. ಹಿಂದೆ ಕುಳಿತಿದ್ದರೆ ಎರಡು ಅಂಚುಗಳೂ ಕೊಕ್ಕೆಯಂತೆ ಸಿಕ್ಕಿಕೊಂಡು ಎರಡೂ ತೋಟಾಗಳು ಒಟ್ಟಿಗೆ ಹೊರಡಲು ನೋಡುತ್ತವೆ, ಕೋವಿ ಅಲ್ಲೇ ನಿಲ್ಲುತ್ತದೆ. ಬುಡ ದಪ್ಪಗೂ ತುದಿ ತೆಳ್ಳಗೂ ಇರುವುದರಿಂದ ತೋಟಾಗಳನ್ನು ಪೇರಿಸಿದಂತೆ ರಾಶಿ ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಹಲವು ಮ್ಯಾಗಜಿನ್‌ಗಳು ಬಾಗಿರುವುದಕ್ಕೆ ಈ ಜ್ಯಾಮಿತಿಯೇ ಕಾರಣ. ಅದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಇದೇ ಅಂಚಿನಿಂದಾಗಿ ರೈಫಲ್ಲಿನ ಮ್ಯಾಗಜಿನ್‌ನಂತೆ ಎರಡು ಸಾಲಿನಲ್ಲಿ ತುಂಬುವುದೂ ಕಷ್ಟ. ಒಂದೇ ಸಾಲಿನಲ್ಲಿ ಹತ್ತು ತೋಟಾ ಎಂದರೆ ತೋಟಾಗಳ ಎತ್ತರವೇ 20 ಸೆಂಟಿಮೀಟರ್ ಮೀರುತ್ತದೆ, ತೂಕ 400 ಗ್ರಾಂ ದಾಟುತ್ತದೆ. ಸ್ಪ್ರಿಂಗು ಅಷ್ಟನ್ನೂ ತ್ವರೆಯಿಂದ ಮೇಲೆತ್ತಬೇಕು.

ಸ್ಪ್ರಿಂಗನ್ನು ಗಟ್ಟಿ ಮಾಡಿದರಾಯಿತಲ್ಲ ಎಂದರೆ ಅಲ್ಲಿ ಎರಡನೆಯ ತೊಡಕು ಕಾದಿರುತ್ತದೆ. ಕೊಳವೆ ಪಾಲಿಎಥಿಲೀನಿನದ್ದು. ನಿರಂತರ ಒತ್ತಡದಲ್ಲಿ ಈ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ಒಂದರ ಪಕ್ಕ ಒಂದು ನಿಧಾನವಾಗಿ ಜರುಗುತ್ತವೆ. ಭಾರ ತೆಗೆದ ಮೇಲೂ ಆಕಾರ ಪೂರ್ತಿಯಾಗಿ ಮರಳುವುದಿಲ್ಲ. ತುಂಬಿದ ಮ್ಯಾಗಜಿನ್‌ನ ಮೇಲ್ತುದಿಯ ತೋಟಾ ಮ್ಯಾಗಜಿನ್‌ನ ತುಟಿಗಳಿಗೂ ಸ್ಪ್ರಿಂಗಿಗೂ ನಡುವೆ ಒತ್ತಿಕೊಂಡೇ ಇರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಟ್ಟರೆ ಶಾಖಕ್ಕೆ ಪ್ಲಾಸ್ಟಿಕ್ ಇನ್ನಷ್ಟು ಮೆತ್ತಗಾಗಿ, ದುಂಡಗಿದ್ದ ತೋಟಾ ಮೊಟ್ಟೆಯಾಕಾರ ತಾಳುತ್ತದೆ. ನಳಿಗೆಯ ದುಂಡನೆಯ ಹಿಂತುದಿಗೆ ಅದು ಹೊಂದುವುದಿಲ್ಲ. ಅದಕ್ಕಾಗಿಯೇ ಅನುಭವಿಗಳು ಮ್ಯಾಗಜಿನ್‌ಗಳನ್ನು ಹಿಂದಿನ ರಾತ್ರಿ ತುಂಬಿಡದೆ, ತಮ್ಮ ಸರದಿಗೆ ಸ್ವಲ್ಪ ಮೊದಲು ತುಂಬುತ್ತಾರೆ. ಪ್ರತಿ ಮ್ಯಾಗಜಿನ್ ಮೇಲೂ ಬಣ್ಣದಿಂದ ಒಂದು ಸಂಖ್ಯೆ ಬರೆದಿಡುವುದು ಇನ್ನೊಂದು ಒಳ್ಳೆಯ ರೂಢಿ. ಕೋವಿ ಸಿಕ್ಕಿಕೊಂಡಾಗಲೆಲ್ಲ ಮೂರನೆಯ ಸಂಖ್ಯೆಯ ಮ್ಯಾಗಜಿನ್ನೇ ಅದರಲ್ಲಿದ್ದರೆ ದೋಷ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ, ಕೋವಿಯನ್ನು ಬಿಚ್ಚಿ ಹುಡುಕುವ ಶ್ರಮ ಉಳಿಯುತ್ತದೆ.

ಮೂರನೆಯ ತೊಡಕು ಒತ್ತಡದ್ದು. ಸೈಗಾ-12ರ ಒಡಲಲ್ಲಿರುವುದು ಕಲಾಶ್ನಿಕೊವ್ ರೈಫಲ್ಲಿನ ಯಂತ್ರರಚನೆ: ನಳಿಗೆಯಲ್ಲಿ ಕೊರೆದ ರಂಧ್ರದ ಮೂಲಕ ಸ್ವಲ್ಪ ಅನಿಲ ಹೊರಬಂದು ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ಬೋಲ್ಟನ್ನು ಹಿಂದಕ್ಕೆ ಅಟ್ಟುತ್ತದೆ, ಖಾಲಿ ಕೊಳವೆ ಹೊರಕ್ಕೆ ಹಾರುತ್ತದೆ, ಮರಳುವ ದಾರಿಯಲ್ಲಿ ಬೋಲ್ಟು ಹೊಸ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ಆದರೆ ಮೂಲ ರೈಫಲ್ಲಿನ 7.62×39 ತೋಟಾದ ಗರಿಷ್ಠ ಒತ್ತಡ 3,550 ಬಾರ್ ಆದರೆ, ಹನ್ನೆರಡು ಬೋರಿನ ಸಾಮಾನ್ಯ ತೋಟಾಕ್ಕೆ ಯುರೋಪಿನ ಮಾನದಂಡ ವಿಧಿಸಿರುವ ಮಿತಿ 740 ಬಾರ್ ಮಾತ್ರ. ಐದನೆಯ ಒಂದು ಭಾಗದಷ್ಟು ಒತ್ತಡದಲ್ಲಿ ಅದೇ ಕೆಲಸ ಆಗಬೇಕು. ಅದರ ಮೇಲೆ, ಶಾಟ್‌ಗನ್ನಿನ ತೋಟಾಗಳೆಲ್ಲ ಒಂದೇ ಶಕ್ತಿಯವಲ್ಲ. ಹಾರುವ ಬಿಲ್ಲೆಗಳನ್ನು ಒಡೆಯುವ ಟ್ರ್ಯಾಪ್ ಸ್ಪರ್ಧೆಯ 24 ಗ್ರಾಂ ಚರೆಯ ತೋಟಾದಿಂದ ಹಿಡಿದು ಚರೆಯೇ 40 ಗ್ರಾಂ ದಾಟುವ ಮ್ಯಾಗ್ನಮ್ ತೋಟಾದವರೆಗೆ ಎಲ್ಲವೂ ಅದೇ ನಳಿಗೆಯಲ್ಲಿ ಹಾರುತ್ತವೆ. ಹಗುರ ತೋಟಾದಲ್ಲಿ ಬೋಲ್ಟು ಅರ್ಧ ದಾರಿಗೇ ಸುಸ್ತಾಗಿ ಖಾಲಿ ಕೊಳವೆಯನ್ನು ಬಾಗಿಲಲ್ಲೇ ಕಚ್ಚಿಕೊಂಡು ನಿಂತರೆ, ಭಾರಿ ತೋಟಾದಲ್ಲಿ ಅದು ಹಿಂಬದಿಗೆ ಬಡಿದು ಭಾಗಗಳನ್ನು ಸವೆಸುತ್ತದೆ. ಅನಿಲದ ಪ್ರಮಾಣವನ್ನು ಹೊಂದಿಸಲು ಇಂಥ ಕೋವಿಗಳಲ್ಲಿ ತಯಾರಕರೇ ಒಂದು ನಿಯಂತ್ರಕವನ್ನು ಇಟ್ಟಿರುತ್ತಾರೆ. ಹೊಸಬರು ಅದನ್ನು ಕೈಪಿಡಿಯಲ್ಲಿ ಹೇಳಿದಂತೆ ಇರಿಸಿ, ಒಂದೇ ಬ್ರ್ಯಾಂಡಿನ ಒಂದೇ ತೂಕದ ತೋಟಾವನ್ನು ಆರಿಸಿಕೊಂಡು, ಅಭ್ಯಾಸಕ್ಕೂ ಸ್ಪರ್ಧೆಗೂ ಅದನ್ನೇ ಬಳಸುವುದು ಮೇಲು. ಅಗ್ಗದ ಹಗುರ ತೋಟಾದಲ್ಲಿ ಅಭ್ಯಾಸ ಮಾಡಿ ಸ್ಪರ್ಧೆಯ ದಿನ ಬೇರೆಯದನ್ನು ತುಂಬುವ ಉಳಿತಾಯ ನನಗೆ ಒಪ್ಪಿಗೆಯಾಗುವುದಿಲ್ಲ.

ಭುಜಕ್ಕೆ ಬೀಳುವ ಒದೆತಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. 28 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 11.2 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್. ವ್ಯಾಡ್ ಮತ್ತು ಅನಿಲದ ಪಾಲು ಸೇರಿದರೆ 13ರ ಆಸುಪಾಸು. ನ್ಯೂಟನ್ನನ ಮೂರನೆಯ ನಿಯಮದಂತೆ ಅಷ್ಟೇ ಸಂವೇಗ ಕೋವಿಗೂ ಬರುತ್ತದೆ. ಕೋವಿ 3.6 ಕಿಲೋಗ್ರಾಂ ಇದ್ದರೆ ಅದು ಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ವೇಗದಲ್ಲಿ ಹಿಮ್ಮೆಟ್ಟುತ್ತದೆ. 9 ಮಿಲಿಮೀಟರ್ ಪಿಸ್ತೂಲಿನ ಒಂದು ಗುಂಡು ಕೊಡುವ ಸಂವೇಗಕ್ಕೆ ಇದು ಸುಮಾರು ನಾಲ್ಕು ಪಟ್ಟು. ಅದನ್ನು ತೋಳಿನ ಬಲದಿಂದ ತಡೆಯಲಾಗದು, ದೇಹದ ತೂಕದಿಂದ ತಡೆಯಬೇಕು. ಎಡಗಾಲು ಮುಂದಿಟ್ಟು, ಮಂಡಿಯನ್ನು ತುಸು ಬಗ್ಗಿಸಿ, ಭಾರವನ್ನು ಮುಂಗಾಲಿಗೆ ಹಾಕಿ, ಕೋವಿಯ ಹಿಂತುದಿಯಾದ ಬಟ್ಟನ್ನು ಭುಜದ ಗುಳಿಗೆ ಬಲವಾಗಿ ಒತ್ತಿಕೊಳ್ಳುವ ನಿಲುವನ್ನು ಬಲಗೈಯವರಿಗೆ ಕಲಿಸುವುದು ಇದಕ್ಕಾಗಿ. ಭುಜ ಸಡಿಲವಾಗಿದ್ದರೆ ನೋವಾಗುವುದಷ್ಟೇ ಅಲ್ಲ. ಕೋವಿಯ ಒಡಲೇ ಹಿಂದಕ್ಕೆ ಸರಿದುಬಿಡುವುದರಿಂದ ಅದಕ್ಕೆ ಹೋಲಿಸಿದಾಗ ಬೋಲ್ಟಿನ ಓಟ ಕುಗ್ಗಿ, ಹಗುರ ತೋಟಾದಲ್ಲಿ ಕೋವಿ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ.

ಚರೆ ಹರಡುವುದರಿಂದ ಗುರಿ ನೋಡಬೇಕಾಗಿಲ್ಲ ಎಂಬ ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ನಳಿಗೆಯ ತುದಿಯಲ್ಲಿ ಬಿಗಿತವಿಲ್ಲದಿದ್ದರೆ ಚರೆಯ ಗುಂಪು ಪ್ರತಿ ಮೀಟರಿಗೆ ಸುಮಾರು ಎರಡೂವರೆಯಿಂದ ಮೂರು ಸೆಂಟಿಮೀಟರ್ ಅಗಲವಾಗುತ್ತದೆ. ಹತ್ತು ಮೀಟರ್ ದೂರದಲ್ಲಿ ಅದು ಹೆಚ್ಚೆಂದರೆ 30 ಸೆಂಟಿಮೀಟರ್. ಪಾಪರ್ ಎಂದು ಕರೆಯುವ ಉಕ್ಕಿನ ಗುರಿಫಲಕದ ಮೇಲಿನ ವೃತ್ತದ ಅಗಲವೂ ಅಷ್ಟೇ. ಹತ್ತಿರದಲ್ಲಿ ಇಡೀ ಗುಂಪು ಫಲಕಕ್ಕೆ ಬಡಿಯುತ್ತದೆ. 25 ಮೀಟರ್ ದೂರದಲ್ಲಿ ಗುಂಪು ಫಲಕಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಅಗಲವಾಗಿ, ಬಹುಪಾಲು ಕಾಳುಗಳು ಪಕ್ಕದಿಂದ ಹಾದುಹೋಗುತ್ತವೆ. ತಗುಲಿದ ಕಾಳುಗಳೂ ಅಷ್ಟರಲ್ಲಿ ಗಾಳಿಯ ತಡೆಯಿಂದ ವೇಗ ಕಳೆದುಕೊಂಡಿರುತ್ತವೆ. ಪಾಪರ್ ಬಿದ್ದರಷ್ಟೇ ಅಂಕ. ಅದು ಬುಡದ ಕೀಲಿನ ಸುತ್ತ ತಿರುಗಿ ಬೀಳುವುದರಿಂದ, ಅದೇ ಪೆಟ್ಟು ಎಷ್ಟು ಎತ್ತರದಲ್ಲಿ ತಗುಲುತ್ತದೋ ಅಷ್ಟು ಹೆಚ್ಚು ತಿರುಗುಬಲ ಸಿಗುತ್ತದೆ. ನಡುವಿಗೆ ಹೊಡೆದಾಗ ಅಲುಗಾಡಿ ನಿಲ್ಲುವ ಫಲಕ ನೆತ್ತಿಯ ವೃತ್ತಕ್ಕೆ ಹೊಡೆದಾಗ ಉರುಳುತ್ತದೆ. ದೂರದ ಗುರಿಗಳಿಗಾಗಿ ನಳಿಗೆಯ ತುದಿಗೆ ಚೋಕ್ ತೊಡಿಸುತ್ತಾರೆ: ತುದಿಯನ್ನು ಒಂದು ಮಿಲಿಮೀಟರಿನಷ್ಟು ಬಿಗಿ ಮಾಡಿದ ಫುಲ್ ಚೋಕ್, 40 ಗಜ ದೂರದಲ್ಲಿ 76 ಸೆಂಟಿಮೀಟರ್ ವೃತ್ತದೊಳಗೆ ಸುಮಾರು 70 ಪ್ರತಿಶತ ಕಾಳುಗಳನ್ನು ಉಳಿಸಿಕೊಳ್ಳುತ್ತದೆ, ಬಿಗಿತವಿಲ್ಲದ ನಳಿಗೆಯಲ್ಲಿ ಅದು 40 ಪ್ರತಿಶತ. ದೊಡ್ಡ ಹಾಳೆಯೊಂದನ್ನು ಬೇರೆ ಬೇರೆ ದೂರದಲ್ಲಿ ನಿಲ್ಲಿಸಿ, ತನ್ನ ಕೋವಿ ತನ್ನ ತೋಟಾವನ್ನು ಹೇಗೆ ಹರಡುತ್ತದೆ ಎಂದು ನೋಡಿಕೊಳ್ಳುವುದಕ್ಕೆ ಒಂದು ಬೆಳಗು ಸಾಕು.

ಅಂಕದ ಲೆಕ್ಕ ಸರಳ: ಗಳಿಸಿದ ಅಂಕವನ್ನು ತೆಗೆದುಕೊಂಡ ಸಮಯದಿಂದ ಭಾಗಿಸಬೇಕು. ತಲಾ ಐದು ಅಂಕದ ಹನ್ನೆರಡು ಫಲಕಗಳನ್ನು 20 ಸೆಕೆಂಡಿನಲ್ಲಿ ಬೀಳಿಸಿದರೆ 60 ಭಾಗಿಸು 20, ಅಂದರೆ 3. ಕೋವಿ ಸಿಕ್ಕಿಕೊಂಡು ನಾಲ್ಕು ಸೆಕೆಂಡು ಹೋದರೆ 2.5. ಕೋವಿ ಸರಿಯಾಗಿಯೇ ಓಡಿ, ಅವಸರದಲ್ಲಿ ಒಂದು ಫಲಕವನ್ನು ಬಿಟ್ಟುಬಂದರೆ ಐದು ಅಂಕ ನಷ್ಟ, ಮೇಲೆ ಹತ್ತು ಅಂಕ ದಂಡ. ಉಳಿಯುವುದು 45, ಫಲ 2.25. ಎರಡು ಸೆಕೆಂಡು ನಿಂತು ಆ ಫಲಕವನ್ನು ಮತ್ತೆ ಹೊಡೆದಿದ್ದರೆ 2.7 ದಾಟುತ್ತಿತ್ತು. ನಂಬಿಕಸ್ತ ಕೋವಿಯೂ ಅವಸರವಿಲ್ಲದ ಕಣ್ಣೂ ಓಟದ ವೇಗಕ್ಕಿಂತ ಹೆಚ್ಚು ಬೆಲೆ ಬಾಳುತ್ತವೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಮ್ಯಾಗಜಿನ್ ಬದಲಾವಣೆಯನ್ನು ಮನೆಯಲ್ಲೇ, ಮದ್ದಿಲ್ಲದ ಡಮ್ಮಿ ತೋಟಾಗಳಿಂದ ಕಲಿಯಬಹುದು. ಅಭ್ಯಾಸದ ಕೋಣೆಯಲ್ಲಿ ಅಸಲಿ ತೋಟಾ ಒಂದೂ ಇರಕೂಡದು. ಸೈಗಾದಲ್ಲಿ ಮ್ಯಾಗಜಿನ್‌ನ ಮುಂದಿನ ಕೊಕ್ಕೆಯನ್ನು ಮೊದಲು ಸಿಕ್ಕಿಸಿ, ಆಮೇಲೆ ಹಿಂಬದಿಯನ್ನು ಮೇಲಕ್ಕೆ ತಿರುಗಿಸಿ ಕೂರಿಸಬೇಕು. ವೆಪ್ರ್‌ನಲ್ಲಿ ನೇರವಾಗಿ ಮೇಲಕ್ಕೆ ತಳ್ಳಿದರೆ ಸಾಕು. ಬೋಲ್ಟು ಮುಚ್ಚಿರುವಾಗ ತುಂಬಿದ ಮ್ಯಾಗಜಿನ್ ಕೂರಿಸುವುದು ಕಷ್ಟ, ಏಕೆಂದರೆ ಮೇಲಿನ ತೋಟಾ ಬೋಲ್ಟಿನ ತಳಕ್ಕೆ ಒತ್ತಿಕೊಂಡು ಸ್ಪ್ರಿಂಗು ಇನ್ನಷ್ಟು ಕುಗ್ಗಬೇಕಾಗುತ್ತದೆ. ಹಾಗಾಗಿ ಕೆಲವರು ಒಂದು ತೋಟಾ ಕಡಿಮೆ ತುಂಬುತ್ತಾರೆ. ಕೂರಿಸಿದ ಮೇಲೆ ಒಮ್ಮೆ ಕೆಳಕ್ಕೆ ಎಳೆದು ಗಟ್ಟಿಯಾಗಿ ಕುಳಿತಿದೆಯೇ ಎಂದು ಪರೀಕ್ಷಿಸುವುದನ್ನು ಮೊದಲ ದಿನದಿಂದಲೇ ಕೈಗೆ ಕಲಿಸಬೇಕು. ಮ್ಯಾಗಜಿನ್ ಬದಲಿಸುವಾಗಲೂ ಓಡುವಾಗಲೂ ಬೆರಳು ಟ್ರಿಗರಿನ ಹೊರಗಿರಬೇಕು. ನಳಿಗೆಯ ಮುಂತುದಿ ಗುರಿಯ ದಿಕ್ಕಿನಿಂದ 90 ಡಿಗ್ರಿ ಮೀರಿ ತಿರುಗಿದರೆ ಸ್ಪರ್ಧಿ ಅಲ್ಲಿಗೇ ಅನರ್ಹ. ಹೊಸಬರು ಸೋಲುವುದಕ್ಕಿಂತ ಹೆಚ್ಚಾಗಿ ಮನೆಗೆ ಮರಳುವುದು ಈ ನಿಯಮದಿಂದ, ಅದು ತೀರ ನ್ಯಾಯವಾದ ನಿಯಮ ಎಂದೇ ನನ್ನ ಅಭಿಪ್ರಾಯ.

ಭಾರತದಲ್ಲಿ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬರುತ್ತದೆ. ಕೊಡವರಿಗೂ ಕೊಡಗಿನ ಹಳೆಯ ಭೂಹಿಡುವಳಿಯಾದ ಜಮ್ಮಾದ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ಕೊಡಗಿನಲ್ಲಿ ಇಂದಿಗೂ ನಡೆಯುತ್ತದೆ. ಶಾಟ್‌ಗನ್ ಕ್ರೀಡೆಗೆ ನಮ್ಮಲ್ಲಿರುವ ರಾಜಮಾರ್ಗ ಟ್ರ್ಯಾಪ್ ಮತ್ತು ಅದರಂತೆಯೇ ಹಾರುವ ಬಿಲ್ಲೆಗಳನ್ನು ಒಡೆಯುವ ಸ್ಕೀಟ್. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ಹಾದಿಯಲ್ಲೇ. ಚರೆಯ ಹರಡುವಿಕೆ, ಚೋಕ್, ನಿಲುವು ಇವನ್ನು ಅಲ್ಲಿ ಕಲಿತವರು ಹೊರದೇಶದಲ್ಲಿ ಮ್ಯಾಗಜಿನ್ ಕೋವಿ ಹಿಡಿದಾಗ, ಹೊಸದಾಗಿ ಕಲಿಯಬೇಕಾದದ್ದು ಯಂತ್ರದ ಭಾಗ ಮಾತ್ರ.

ಅದರಲ್ಲಿ ಅತಿ ಮುಖ್ಯವಾದದ್ದು ಕೋವಿ ಖಾಲಿ ಮಾಡುವ ಕ್ರಮ. ಜೋಡುನಳಿಗೆಯನ್ನು ಬಾಗಿಸಿದರೆ ಎರಡು ತೋಟಾಗಳೂ ಕಣ್ಣಿಗೆ ಬೀಳುತ್ತವೆ, ಇಲ್ಲಿ ಹಾಗಿಲ್ಲ. ಮೊದಲು ಮ್ಯಾಗಜಿನ್ ಕಳಚಬೇಕು, ಆಮೇಲೆ ಬೋಲ್ಟನ್ನು ಎಳೆದು ನಳಿಗೆಯಲ್ಲಿರುವ ತೋಟಾವನ್ನು ಹೊರಹಾಕಬೇಕು. ಕ್ರಮ ತಪ್ಪಿ ಮೊದಲು ಬೋಲ್ಟು ಎಳೆದರೆ ಒಂದು ತೋಟಾ ಹೊರಬೀಳುತ್ತದೆ, ಮರಳುವ ಬೋಲ್ಟು ಮ್ಯಾಗಜಿನ್‌ನಿಂದ ಮತ್ತೊಂದನ್ನು ನಳಿಗೆಗೆ ಏರಿಸುತ್ತದೆ. ಆಮೇಲೆ ಮ್ಯಾಗಜಿನ್ ಕಳಚಿದರೂ ಕೋವಿ ತುಂಬಿಯೇ ಇರುತ್ತದೆ. ಆದ್ದರಿಂದ ಬೋಲ್ಟನ್ನು ತೆರೆದೇ ಹಿಡಿದು, ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡನ್ನೂ ಮ್ಯಾಗಜಿನ್ ಇದ್ದ ಜಾಗವನ್ನೂ ತಾನು ನೋಡಿ, ರೇಂಜ್ ಅಧಿಕಾರಿಗೂ ತೋರಿಸಿ, ಅವರು ಒಪ್ಪಿದ ಮೇಲಷ್ಟೇ ಬೋಲ್ಟನ್ನು ಮುಂದಕ್ಕೆ ಬಿಡಬೇಕು.