15 ವರ್ಷ ಅಲ್ಲಲ್ಲೇ ತೇಪೆ ಹಾಕಿಸಿಕೊಂಡ ‘ಪ್ರಾಕ್ಸಿ’ ಹೆಡರ್

2016ರ ಜುಲೈ 18ರಂದು ಪಿಎಚ್‌ಪಿ, ಗೋ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳು, ಅಪಾಚೆ, ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್‌ಗಳು ಇವೆಲ್ಲಕ್ಕೂ ಸಂಬಂಧಿಸಿದ ಭದ್ರತಾ ಎಚ್ಚರಿಕೆಗಳು ಒಟ್ಟಿಗೆ ಹೊರಬಿದ್ದವು. ಬರೆದವರು ಬೇರೆ, ಭಾಷೆ ಬೇರೆ, ದೋಷ ಮಾತ್ರ ಒಂದೇ. ಹೊರಗಿನಿಂದ ಬರುವ ರಿಕ್ವೆಸ್ಟಿನಲ್ಲಿ ‘ಪ್ರಾಕ್ಸಿ’ ಎಂಬ ಒಂದು ಹೆಡರ್ (ರಿಕ್ವೆಸ್ಟಿನ ಜೊತೆ ಸಾಗುವ ವಿವರದ ಸಾಲು) ತುರುಕಿದರೆ, ಆ ಸರ್ವರ್ ತಾನಾಗಿ ಬೇರೆ ಕಡೆಗೆ ಮಾಡುವ ಕರೆಗಳನ್ನು ದಾಳಿಕೋರ ತನ್ನ ಯಂತ್ರದ ಮೂಲಕ ಹಾಯಿಸಿಕೊಳ್ಳಬಹುದಿತ್ತು. ದೋಷಗಳಿಗೆ ನಾಮಕರಣ ಮಾಡುವ ಖಯಾಲಿ ಜೋರಾಗಿದ್ದ ಕಾಲ ಅದು. ಇದಕ್ಕೂ ‘ಎಚ್‌ಟಿಟಿಪಾಕ್ಸಿ’ ಎಂದು ಹೆಸರಿಟ್ಟರು.

ಇದರ ಬೇರು ಇರುವುದು 1993ರಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದವರು ವೆಬ್ ಸರ್ವರ್‌ನಿಂದ ಬೇರೊಂದು ಪ್ರೋಗ್ರಾಂ ಓಡಿಸಲು ಸಿಜಿಐ ಎಂಬ ಪದ್ಧತಿ ತಂದರು. ರಿಕ್ವೆಸ್ಟಿನ ವಿವರಗಳನ್ನು ಆ ಪ್ರೋಗ್ರಾಂಗೆ ಮುಟ್ಟಿಸುವುದು ಹೇಗೆ? ಶೆಲ್ ಸ್ಕ್ರಿಪ್ಟ್ ಆಗಲಿ, ಪರ್ಲ್ ಆಗಲಿ, ಸಿ ಆಗಲಿ, ಎಲ್ಲವೂ ಓದಬಲ್ಲದ್ದು ಎನ್ವಿರಾನ್ಮೆಂಟ್ ವೇರಿಯಬಲ್, ಅಂದರೆ ಓಡುವಾಗ ಪ್ರೋಗ್ರಾಂಗೆ ಸಿಗುವ ಹೆಸರಿಟ್ಟ ಮಾಹಿತಿ. ಹಾಗಾಗಿ ಪ್ರತಿ ಹೆಡರಿನ ಹೆಸರನ್ನು ದೊಡ್ಡಕ್ಷರಕ್ಕೆ ತಿರುಗಿಸಿ, ಹೈಫನ್ ಇದ್ದಲ್ಲಿ ಅಂಡರ್‌ಸ್ಕೋರ್ ಹಾಕಿ, ಮುಂದೆ ‘ಎಚ್‌ಟಿಟಿಪಿ_’ ಸೇರಿಸುವ ನಿಯಮ ಬಂತು. ‘ಯೂಸರ್-ಏಜೆಂಟ್’ ಒಳಗೆ ಬರುವಾಗ ‘ಎಚ್‌ಟಿಟಿಪಿ_ಯೂಸರ್_ಏಜೆಂಟ್’ ಆಗುವುದು ಹೀಗೆ. ಪಿಎಚ್‌ಪಿಯಲ್ಲಿ ಕೈಯಾಡಿಸಿದವರಿಗೆಲ್ಲ ಗೊತ್ತಿರುವ ಹೆಸರೇ. ಹೆಸರಿನ ಮುಂದೆ ಆ ‘ಎಚ್‌ಟಿಟಿಪಿ_’ ಇರುವುದರಿಂದಲೇ ಯಾರೋ ‘ಪಾತ್’ ಎಂಬ ಹೆಡರ್ ಕಳಿಸಿ ಪ್ರೋಗ್ರಾಂಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ, ಸರ್ವರಿನ ನಿಜವಾದ ಪಾತ್ ವೇರಿಯಬಲ್ ಕೆಡಿಸಲಾಗದು. ಯೋಚಿಸಿಯೇ ಮಾಡಿದ ಏರ್ಪಾಡು.

ಆದರೆ ಅದೇ ದಶಕದಲ್ಲಿ ಇನ್ನೊಂದು ರೂಢಿಯೂ ಬೆಳೆಯಿತು. ಕಚೇರಿಯ ಫೈರ್‌ವಾಲ್ ಹಿಂದೆ ಕೂತವರು ಹೊರಜಾಲಕ್ಕೆ ಪ್ರಾಕ್ಸಿ ಎಂಬ ಮಧ್ಯವರ್ತಿ ಸರ್ವರಿನ ಮೂಲಕವೇ ಹೋಗಬೇಕು, ಅದರ ವಿಳಾಸವನ್ನು ‘ಎಚ್‌ಟಿಟಿಪಿ_ಪ್ರಾಕ್ಸಿ’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇಡುತ್ತಿದ್ದರು. ಮೊದಲು ಅದು ಸಣ್ಣಕ್ಷರದಲ್ಲಿತ್ತು. ಇಂಥ ವೇರಿಯಬಲ್‌ಗಳು ದೊಡ್ಡಕ್ಷರದಲ್ಲಿರುವುದೇ ವಾಡಿಕೆಯಾದ್ದರಿಂದ ಅನೇಕ ಲೈಬ್ರರಿಗಳು (ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ದೊಡ್ಡಕ್ಷರದ ರೂಪವನ್ನೂ ಓದತೊಡಗಿದವು. ಎಡವಟ್ಟಾದದ್ದು ಅಲ್ಲೇ. ಸಿಜಿಐ ನಿಯಮದ ಪ್ರಕಾರ ‘ಪ್ರಾಕ್ಸಿ’ ಹೆಡರ್ ಪಡೆಯುವ ಹೆಸರೂ ಅಕ್ಷರಶಃ ಅದೇ. ಲೈಬ್ರರಿಗೆ ಈ ವಿಳಾಸ ಕೊಟ್ಟದ್ದು ಕಚೇರಿಯ ಸಿಸ್ಟಂ ಅಡ್ಮಿನ್ನೋ, ದಾರಿಹೋಕನೋ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಒಂದು ಮಿತಿ ಇತ್ತು. ಎಚ್‌ಟಿಟಿಪಿಎಸ್ (ಗೂಢಲಿಪೀಕರಿಸಿದ ಎಚ್‌ಟಿಟಿಪಿ) ಕರೆಗಳಿಗೆ ಪ್ರಾಕ್ಸಿ ಹೇಳುವ ವೇರಿಯಬಲ್ ಸಾಮಾನ್ಯವಾಗಿ ಬೇರೆ, ಯಾವ ಹೆಡರ್ ಕಳಿಸಿದರೂ ಆ ಹೆಸರು ಹುಟ್ಟುವುದಿಲ್ಲ. ಹೊಡೆತ ಬೀಳುತ್ತಿದ್ದದ್ದು ಬರೀ ಎಚ್‌ಟಿಟಿಪಿಯಲ್ಲಿ ಸಾಗುವ ಕರೆಗಳಿಗೆ. ‘ಒಳಗಿನ ನೆಟ್‌ವರ್ಕ್ ತಾನೇ, ಎಚ್‌ಟಿಟಿಪಿಎಸ್ ಯಾಕೆ’ ಎಂದು ಬಿಟ್ಟ ಜಾಗಗಳವು, ಪಾಸ್‌ವರ್ಡ್, ಟೋಕನ್ ಸಲೀಸಾಗಿ ಓಡಾಡುವ ಜಾಗಗಳು.

ಸೋಜಿಗವೆಂದರೆ ಇದು 2016ರ ಶೋಧವೇ ಅಲ್ಲ. 2001ರ ಮಾರ್ಚ್‌ನಲ್ಲೇ ಪರ್ಲ್‌ನ ಲಿಬ್‌ಡಬ್ಲ್ಯುಡಬ್ಲ್ಯುಡಬ್ಲ್ಯು ಲೈಬ್ರರಿಯಲ್ಲಿ ಇದನ್ನು ಕಂಡು ಸರಿಪಡಿಸಿದ್ದರು. ಮರುತಿಂಗಳು ಜಾಲದಿಂದ ಡೇಟಾ ತರುವ ಕರ್ಲ್ ಎಂಬ ಸಲಕರಣೆಯಲ್ಲೂ ಸರಿಹೋಯಿತು. ಇಂದಿಗೂ ಕರ್ಲ್ ಈ ಒಂದು ವೇರಿಯಬಲ್‌ನ ಸಣ್ಣಕ್ಷರದ ರೂಪವನ್ನು ಮಾತ್ರ ನಂಬುವುದು ಇದೇ ಕಾರಣಕ್ಕೆ. 2012ರಲ್ಲಿ ರೂಬಿಯವರು ಕಂಡು ತಮ್ಮ ಮಟ್ಟಿಗೆ ತಡೆ ಹಾಕಿಕೊಂಡರು. 2013ರಲ್ಲಿ ಎಂಜಿನ್‌ಎಕ್ಸ್ ವೆಬ್ ಸರ್ವರಿನ ಬಳಗದಲ್ಲಿ, 2015ರಲ್ಲಿ ಅಪಾಚೆ ಬಳಗದಲ್ಲಿ ಮಾತು ಬಂತು. ಪ್ರತಿಯೊಬ್ಬರೂ ತಮ್ಮ ಮನೆಯ ಸೂರು ಸೋರುವುದನ್ನು ನಿಲ್ಲಿಸಿಕೊಂಡರೇ ಹೊರತು ಇಡೀ ಬೀದಿಗೆ ಕೂಗಿ ಹೇಳಲಿಲ್ಲ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ದೋಷ ಯಾವ ಒಂದು ತಂತ್ರಾಂಶಕ್ಕೂ ಸೇರಿರಲಿಲ್ಲ, ಅದು ಎರಡು ರೂಢಿಗಳ ನಡುವೆ ಇತ್ತು. ಹಾಗಾಗಿ ದೂರು ಕೊಡಲು ಒಂದು ವಿಳಾಸವೇ ಇರಲಿಲ್ಲ ಎಂಬುದು ನನ್ನ ಅನಿಸಿಕೆ. ಕೊನೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದು ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶ ಮಾಡುತ್ತಿದ್ದ ನ್ಯೂಜಿಲೆಂಡಿನ ವೆಂಡ್ ಕಂಪನಿಯ ತಂಡ.

ಪರಿಹಾರ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಿತ್ತು. ಓದುವ ಲೈಬ್ರರಿಗಳೆಲ್ಲ ಬದಲಾಗುವವರೆಗೆ ಕಾಯಲಾಗದೆ, ವೆಬ್ ಸರ್ವರಿನ ಬಾಗಿಲಲ್ಲೇ ‘ಪ್ರಾಕ್ಸಿ’ ಹೆಡರನ್ನು ಕಿತ್ತುಹಾಕಲು ಹೇಳಿದರು. ಅಪಾಚೆಗೆ ಒಂದು ಸಾಲು, ಎಂಜಿನ್‌ಎಕ್ಸ್‌ಗೆ ಒಂದು ಸಾಲು. ಆ ಹೆಸರಿನ ಅಧಿಕೃತ ಹೆಡರೇ ಇಲ್ಲವಾದ್ದರಿಂದ ಕಿತ್ತರೆ ಏನೂ ಕೆಡುವುದಿಲ್ಲ. ಬಾಗಿಲಲ್ಲಿ ಹೀಗೆ ತಡೆಯುವುದು ಹೊಸತೂ ಅಲ್ಲ. ಲಾಗಿನ್ ವಿವರ ಹೊತ್ತ ‘ಆಥರೈಸೇಶನ್’ ಹೆಡರನ್ನು ಸ್ಕ್ರಿಪ್ಟ್‌ಗೆ ಕೊಡದಿರುವುದೇ ಒಳ್ಳೆಯದು ಎಂದು 2004ರ ಸಿಜಿಐ ದಾಖಲೆ, ಆರ್‌ಎಫ್‌ಸಿ 3875, ಹೇಳುತ್ತದೆ. ಅಪಾಚೆಯಡಿ ಪಿಎಚ್‌ಪಿಯಲ್ಲಿ ಎಪಿಐ ಬರೆಯುತ್ತ ‘ಟೋಕನ್ ಕಳಿಸಿದ್ದೇನೆ, ಎಲ್ಲಿ ಹೋಯಿತು?’ ಎಂದು ತಲೆ ಕೆರೆದುಕೊಂಡವರ ಸಂಕಟದ ಮೂಲ ಅಲ್ಲಿದೆ.

ಹೈಫನ್ ಮತ್ತು ಅಂಡರ್‌ಸ್ಕೋರ್ ಒಂದಾಗಿ ಕಾಣುವುದು ಇದೇ ನಿಯಮದ ಇನ್ನೊಂದು ಉಪದ್ರವ. ‘ಎಕ್ಸ್-ಆಥ್-ಯೂಸರ್’ (ಬಳಕೆದಾರ ಯಾರೆಂದು ಹೇಳುವ ಹೆಡರ್) ಅನ್ನು ಸರ್ವರಿನ ಮುಂದೆ ನಿಂತ ಪ್ರಾಕ್ಸಿ ಅಳಿಸಿದರೂ ‘ಎಕ್ಸ್-ಆಥ್_ಯೂಸರ್’ ನುಸುಳಿದರೆ ಒಳಗೆ ಎರಡಕ್ಕೂ ಒಂದೇ ಹೆಸರು. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊ ತನ್ನ ಡೆವಲಪ್‌ಮೆಂಟ್ ಸರ್ವರಿನಲ್ಲಿ ಅಂಡರ್‌ಸ್ಕೋರ್ ಇರುವ ಹೆಡರ್‌ಗಳನ್ನು 2015ರ ಜನವರಿಯಿಂದ ಬಿಸಾಡುತ್ತದೆ. ಎಂಜಿನ್‌ಎಕ್ಸ್ ಕೂಡ ಡೀಫಾಲ್ಟ್ ಆಗಿ ಹಾಗೆಯೇ ಮಾಡುತ್ತದೆ.

ಪೈಥಾನ್‌ನ ಡಬ್ಲ್ಯುಎಸ್‌ಜಿಐ, ರೂಬಿಯ ರ‍್ಯಾಕ್ ಎಂಬ, ಸರ್ವರನ್ನೂ ಪ್ರೋಗ್ರಾಮನ್ನೂ ಬೆಸೆಯುವ ಪದ್ಧತಿಗಳು ಇಂದಿಗೂ ‘ಎಚ್‌ಟಿಟಿಪಿ_’ ಹೆಸರುಗಳನ್ನೇ ಬಳಸುತ್ತವೆ, ಆದರೆ ಪ್ರತಿ ರಿಕ್ವೆಸ್ಟಿಗೂ ಬೇರೆಯಾದ ಒಂದು ಪಟ್ಟಿಯಲ್ಲಿ. ಪ್ರೋಗ್ರಾಮಿನ ನಿಜವಾದ ಎನ್ವಿರಾನ್ಮೆಂಟ್‌ಗೆ ಅವು ಸೋಂಕುವುದಿಲ್ಲ. ಪಿಎಚ್‌ಪಿಯ ಗಝಲ್ (Guzzle) ಲೈಬ್ರರಿ ದೊಡ್ಡಕ್ಷರದ ವೇರಿಯಬಲ್ ಅನ್ನು ಕಮಾಂಡ್ ಲೈನ್‌ನಿಂದ ಓಡುವಾಗ ಮಾತ್ರ ಓದುತ್ತದೆ. ನಿಮ್ಮಲ್ಲಿ ಹಳೆಯ ಸಿಜಿಐ ಸ್ಕ್ರಿಪ್ಟ್ ಇನ್ನೂ ಓಡುತ್ತಿದ್ದರೆ, ಟೆಸ್ಟ್ ಸರ್ವರಿಗೆ ‘ಪ್ರಾಕ್ಸಿ’ ಹೆಡರ್ ಸೇರಿಸಿದ ರಿಕ್ವೆಸ್ಟ್ ಕಳಿಸಿ, ಸ್ಕ್ರಿಪ್ಟಿನ ಎನ್ವಿರಾನ್ಮೆಂಟನ್ನು ಪ್ರಿಂಟ್ ಮಾಡಿಸಿ ನೋಡಿ. ಕಳಿಸಿದ ವಿಳಾಸ ಅಲ್ಲಿ ಕಂಡರೆ ಸರ್ವರ್ ಕಾನ್ಫಿಗರೇಶನ್‌ಗೆ ಆ ಒಂದು ಸಾಲು ಇನ್ನೂ ಬಿದ್ದಿಲ್ಲ.