ಋತುವಿಗೊಂದು ಮನೆ

ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನೆಮ್ ಲ್ಯಾಂಡ್‌ನಲ್ಲಿ ಮಳೆಗಾಲ ಬಂತೆಂದರೆ ಎರಡು ಕಾಟ. ಕಾಲಡಿ ನೀರು, ಕಿವಿಯ ಹತ್ತಿರ ಸೊಳ್ಳೆ. ಅಲ್ಲಿನ ಮೂಲನಿವಾಸಿಗಳು ಎರಡಕ್ಕೂ ಒಂದೇ ಮದ್ದು ಕಂಡುಕೊಂಡಿದ್ದರು. ಕವೆಯಿರುವ ಕಂಬಗಳನ್ನು ನೆಟ್ಟು ಅಟ್ಟ ಕಟ್ಟುತ್ತಿದ್ದರು. ಮೇಲೆ ತೊಗಟೆಯ ಹಾಳೆಯನ್ನು ಕಮಾನಿನಂತೆ ಬಗ್ಗಿಸಿ ಹೊದಿಸುತ್ತಿದ್ದರು. ಅಟ್ಟದ ಕೆಳಗೆ ಸಣ್ಣಗೆ ಬೆಂಕಿ. ಹೊಗೆ ಸಂದುಗಳಲ್ಲಿ ಮೇಲೇರಿದರೆ ಸೊಳ್ಳೆ ದೂರ.

ಆ ತೊಗಟೆ ಸ್ಟ್ರಿಂಗಿಬಾರ್ಕ್ ಮರದ್ದು, ನಮ್ಮಲ್ಲಿ ಎಲ್ಲೆಲ್ಲೂ ನೆಟ್ಟಿರುವ ನೀಲಗಿರಿಯ ಬಳಗ. ಮಳೆಗಾಲದಲ್ಲಿ ಮರದೊಳಗೆ ರಸ ಹರಿಯುವಾಗ ತೊಗಟೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಕಾಂಡದ ಮೇಲೊಂದು, ಕೆಳಗೊಂದು ಸುತ್ತು ಕೊಯ್ದು, ಉದ್ದಕ್ಕೆ ಒಂದು ಗೀರು ಹಾಕಿ, ಕೋಲಿನಿಂದ ಮೀಟಿ ಎಬ್ಬಿಸುತ್ತಾರೆ. ಬೆಂಕಿಗೆ ಹಿಡಿದು ಕಲ್ಲು ಹೇರಿಟ್ಟರೆ ಚಪ್ಪಟೆ ಹಾಳೆ ಸಿದ್ಧ. ಸೂರು ಬೇಕಾಗುವ ಕಾಲಕ್ಕೇ ಸೂರಿನ ಸಾಮಾನೂ ಸುಲಭವಾಗಿ ಸಿಗುತ್ತದೆ!

ನಡುನಾಡಿನ ಮರುಭೂಮಿಯಲ್ಲಿ ಲೆಕ್ಕ ಬೇರೆ. ಮಳೆ ಅಪರೂಪ, ಚಳಿಗಾಲದ ರಾತ್ರಿ ಮಾತ್ರ ಮೈ ಕೊರೆಯುವಷ್ಟು ತಂಪು. ಅಲ್ಲಿ ಗಾಳಿ ಬರುವ ಕಡೆಗೆ ಕೊಂಬೆ, ಪೊದೆ ಒಟ್ಟಿ ಒಂದು ತಡೆ ಹಾಕಿದರೆ ಸಾಕು. ಮಲಗಿದವರ ನಡುನಡುವೆ ಪುಟ್ಟ ಪುಟ್ಟ ಬೆಂಕಿ. ತಡೆ ಗಾಳಿಯನ್ನು ನಿಲ್ಲಿಸುತ್ತದೆ, ಬೆಂಕಿಯ ಕಾವು ನೇರ ಮೈಗೆ ತಾಗುತ್ತದೆ. ಇಡೀ ಕೋಣೆ ಬಿಸಿ ಮಾಡಲು ಸೌದೆ ಯಾಕೆ ಸುಡಬೇಕು, ಅಲ್ವಾ?

1788ರಲ್ಲಿ ಬಂದಿಳಿದ ಬ್ರಿಟಿಷರಿಗೆ ಇದೆಲ್ಲ ಮನೆ ಅನ್ನಿಸಲಿಲ್ಲ. ನಾಲ್ಕು ಗೋಡೆ ಕಾಣದ್ದಕ್ಕೆ ಸುಮ್ನೆ ಅಲೆಮಾರಿಗಳು ಎಂದುಬಿಟ್ಟರು. ನೆಲ ಕಿತ್ತುಕೊಳ್ಳುವವರಿಗೆ ಅದು ಅನುಕೂಲದ ಮಾತೂ ಆಗಿತ್ತು. ಆದರೆ ಗೋಡೆಯೂ ಇತ್ತು. ವಿಕ್ಟೋರಿಯಾ ರಾಜ್ಯದ ಬುಜ್ ಬಿಮ್‌ನಲ್ಲಿ ಗುಂಡಿಚ್ಮಾರ ಜನ ಲಾವಾ ಕಲ್ಲು ಪೇರಿಸಿ ಗುಂಡನೆಯ ಗೋಡೆ ಕಟ್ಟಿ, ಮೇಲೆ ಮರ, ತೊಗಟೆ ಹೊದಿಸುತ್ತಿದ್ದರು. ಅದೇ ಕಲ್ಲಿನಿಂದ ಕಾಲುವೆ, ಒಡ್ಡು ಮಾಡಿ ಹಾವುಮೀನು ಸಾಕಿದ್ದರು. ಆ ವ್ಯವಸ್ಥೆಗೆ ಕನಿಷ್ಠ 6,600 ವರ್ಷ ವಯಸ್ಸು. ವರ್ಷವಿಡೀ ಊಟ ಒಂದೇ ಕಡೆ ಸಿಗುವಾಗ ಕಲ್ಲಿನ ಮನೆ ಕಟ್ಟಿದ ಶ್ರಮ ದಂಡವಾಗುವುದಿಲ್ಲ. ಯುನೆಸ್ಕೋ 2019ರಲ್ಲಿ ಬುಜ್ ಬಿಮ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಸಾಹತಿನ ಕಾಲದಲ್ಲಿ ತೊಗಟೆಯ ಜಾಗಕ್ಕೆ ತಗಡು, ಕ್ಯಾನ್ವಾಸ್ ಬಂದವು. ಆಮೇಲೆ ಸರ್ಕಾರಿ ಪೆಟ್ಟಿಗೆ ಮನೆಗಳು. ಸೆಕೆ ನಾಡಿನಲ್ಲಿ ಅವು ಜಾಸ್ತಿ ಒಗ್ಗಲಿಲ್ಲ.

1994ರಲ್ಲಿ ವಾಸ್ತುಶಿಲ್ಪಿ ಗ್ಲೆನ್ ಮರ್ಕಟ್ ಆರ್ನೆಮ್ ಲ್ಯಾಂಡ್‌ನ ಯಿರ್ಕಾಲದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಯೋಲ್ಙು ಜನರ ಕಲಾವಿದೆ ಬಂಡುಕ್ ಮರಿಕಾ ಅವರಿಗಾಗಿ ಒಂದು ಮನೆ ಮಾಡಿದರು. ನೆಲದಿಂದ ಎತ್ತರಕ್ಕಿದೆ, ಸೂರು ಅಗಲವಾಗಿ ಹೊರಚಾಚಿದೆ, ಕಿಟಕಿಗೆ ಗಾಜೇ ಇಲ್ಲ. ಪ್ಲೈವುಡ್ ಹಲಗೆಗಳನ್ನು ಮೇಲಕ್ಕೆತ್ತಿದರೆ ಗೋಡೆಯೇ ತೆರೆದುಕೊಂಡು ಗಾಳಿ ಆಡುತ್ತದೆ. ಬಿಡಿಭಾಗಗಳು ಮಾತ್ರ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಸಿಡ್ನಿ ಹತ್ತಿರದ ಗಾಸ್ಫರ್ಡ್‌ನಲ್ಲಿ ತಯಾರಾಗಿ ಬಂದವು.